ಶರೀರವೂ ಒಂದು ಅಮಾನತ್ತು

ಮನುಷ್ಯನು ತನ್ನದೆಂದು ಭಾವಿಸಿಕೊಂಡಿರುವ ಅನೇಕ ವಸ್ತುಗಳು ವಾಸ್ತವದಲ್ಲಿ ಅವನದ್ದಲ್ಲ. ಸಂಪತ್ತು ಅಲ್ಲಾಹನದ್ದು, ಸಂತಾನ ಅಲ್ಲಾಹನ ಕೊಡುಗೆ, ಆಯುಷ್ಯ ಅವನು ಅಳೆದು ಕೊಟ್ಟದ್ದು ಎಂಬುದನ್ನು ನಾವು ಬಾಯಿಯಿಂದಲಾದರೂ ಒಪ್ಪುತ್ತೇವೆ. ಆದರೆ ಈ ಶರೀರದ ವಿಷಯ ಬಂದಾಗ ಮಾತ್ರ ಅದು ನಮ್ಮ ಸ್ವಂತ ಆಸ್ತಿಯೆಂಬಂತೆ ವರ್ತಿಸುತ್ತೇವೆ. ಏನನ್ನು ಬೇಕಾದರೂ, ಎಷ್ಟನ್ನು ಬೇಕಾದರೂ ಅದರೊಳಗೆ ತುಂಬಬಹುದು, ಕೆಟ್ಟಾಗ ಡಾಕ್ಟರರಿದ್ದಾರೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಪರಲೋಕದಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರಿಸುವ ತನಕ ದಾಸನ ಪಾದಗಳು ನಿಂತಲ್ಲಿಂದ ಕದಲಲಾರವು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆಯುಷ್ಯವನ್ನು ಹೇಗೆ ಕಳೆದೆ, ಕಲಿತದ್ದರ ಪ್ರಕಾರ ಏನು ಮಾಡಿದೆ, ಸಂಪತ್ತನ್ನು ಎಲ್ಲಿಂದ ಗಳಿಸಿ ಎಲ್ಲಿ ವ್ಯಯಿಸಿದೆ ಎಂಬ ಪ್ರಶ್ನೆಗಳ ಸಾಲಿನಲ್ಲಿಯೇ ಶರೀರವನ್ನು ಯಾವುದರಲ್ಲಿ ಸವೆಸಿದೆ ಎಂಬ ಪ್ರಶ್ನೆಯೂ ಇದೆ (ತಿರ್ಮಿದಿ). ಅಂದರೆ ಶರೀರವೂ ಒಂದು ಅಮಾನತ್ತು. ಯಾರೋ ನಂಬಿ ಇಡಲು ಕೊಟ್ಟ ಚಿನ್ನವನ್ನು ನಾವು ಚರಂಡಿಗೆ ಎಸೆಯುವುದಿಲ್ಲ. ಹಾಗಿರುವಾಗ ಅಲ್ಲಾಹನು ನಂಬಿ ಕೊಟ್ಟ ಹೃದಯ, ಪಿತ್ತಕೋಶ, ಮೂತ್ರಪಿಂಡಗಳನ್ನು ನಮ್ಮ ನಾಲಗೆಯ ಆಸೆಗೆ ಬಲಿ ಕೊಡಲು ನಮಗೇನು ಅಧಿಕಾರವಿದೆ?

ಇಂದು ನಮ್ಮ ಸಮುದಾಯದ ಮನೆಮನೆಗಳಲ್ಲಿ ಕಾಣುವ ಒಂದು ಸಮಸ್ಯೆಯ ಕಡೆಗೆ ಓದುಗರ ಗಮನವನ್ನು ಸೆಳೆಯಬೇಕಾಗಿದೆ. ಅದು ಅತಿತೂಕದ ಸಮಸ್ಯೆ. ಅದಕ್ಕೆ ಪರಿಹಾರವಾಗಿ ಡಬ್ಬಿಗಳಲ್ಲಿ ಬರುವ ಪೂರಕ ಆಹಾರದ ಗುಳಿಗೆ, ಪುಡಿ, ಎಣ್ಣೆಗಳ ಮೇಲೆ ಬೆಳೆಯುತ್ತಿರುವ ಕುರುಡು ನಂಬಿಕೆಯೂ ಇದರ ಜೊತೆಗಿದೆ.

ತುಂಬಿದ ಹೊಟ್ಟೆ

ತಿನ್ನಲು, ಕುಡಿಯಲು ಅನುಮತಿ ಕೊಟ್ಟ ಅಲ್ಲಾಹನು ಅದೇ ಸೂಕ್ತದಲ್ಲಿ ಮಿತಿ ಮೀರುವುದನ್ನು ನಿಷೇಧಿಸಿ, ಮಿತಿ ಮೀರುವವರನ್ನು ತಾನು ಮೆಚ್ಚುವುದಿಲ್ಲವೆಂದು ಸ್ಪಷ್ಟಪಡಿಸಿದ್ದಾನೆ (ಅಲ್ ಅಅ್‌ರಾಫ್: 31). ಮನುಷ್ಯನು ತುಂಬುವ ಪಾತ್ರೆಗಳಲ್ಲಿ ಹೊಟ್ಟೆಗಿಂತ ಕೆಟ್ಟದ್ದು ಬೇರೊಂದಿಲ್ಲ, ಬೆನ್ನು ನೆಟ್ಟಗೆ ನಿಲ್ಲಲು ಕೆಲವು ತುತ್ತುಗಳೇ ಸಾಕು, ಅದಕ್ಕೆ ಮೀರಿ ತಿನ್ನಲೇಬೇಕೆಂದಾದರೆ ಮೂರರಲ್ಲೊಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಇನ್ನೊಂದು ಉಸಿರಿಗೆ ಇರಲಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ತಿರ್ಮಿದಿ). ಈ ಹದೀಸನ್ನು ನಮ್ಮಲ್ಲಿ ಕೇಳದವರು ವಿರಳ. ಆದರೆ ಮದುವೆಯ ಚಪ್ಪರದಲ್ಲಿ ಕುಳಿತಾಗ, ರಮಝಾನಿನ ಇಫ್ತಾರ್ ಸುಪ್ರದ ಮುಂದೆ ಕುಳಿತಾಗ ಅದನ್ನು ನೆನಪಿಸಿಕೊಳ್ಳುವವರು ಇನ್ನೂ ವಿರಳ.

ಹಗಲಿಡೀ ಉಪವಾಸವಿದ್ದು ಸಂಜೆ ಖರ್ಜೂರದ ಬೆನ್ನಿಗೆ ಸಮೋಸ, ಕಟ್ಲೆಟ್, ಬಜ್ಜಿ, ಸಿಹಿ ಶರಬತ್ತು. ತರಾವೀಹ್ ಮುಗಿಸಿ ಬಂದ ಮೇಲೆ ಬಿರಿಯಾನಿ. ಸಹರಿಗೆ ಮತ್ತೊಮ್ಮೆ ಭಾರೀ ಊಟ. ಉಪವಾಸದ ತಿಂಗಳಲ್ಲಿ ತೂಕ ಏರಿತೆಂದು ಹೇಳಿಕೊಳ್ಳುವ ಏಕೈಕ ಸಮುದಾಯ ನಾವಾಗಬೇಕೇ? ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿಗಳಿವೆ. ಅಷ್ಟನ್ನು ಕರಗಿಸಲು ಸಾಮಾನ್ಯ ತೂಕದ ಒಬ್ಬ ವ್ಯಕ್ತಿ ಹೆಚ್ಚುಕಡಿಮೆ ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ಕರಿದ ತಿಂಡಿಯೊಂದು ಹೀರುವ ಎಣ್ಣೆ ಎಷ್ಟೆಂಬುದನ್ನು ಅಡುಗೆ ಮನೆಯ ಸಹೋದರಿಯರೇ ಲೆಕ್ಕ ಹಾಕಿ ನೋಡಲಿ.

ಇದರ ಫಲವನ್ನು ನಾವು ಉಣ್ಣುತ್ತಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದ ಅಧ್ಯಯನವೊಂದರ ಫಲಿತಾಂಶವು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹ ಇರುವವರ ಸಂಖ್ಯೆ ಹತ್ತು ಕೋಟಿಗೂ ಹೆಚ್ಚು. ಅದರ ಹೊಸ್ತಿಲಲ್ಲಿ ನಿಂತಿರುವವರು ಹದಿಮೂರು ಕೋಟಿಗಿಂತ ಅಧಿಕ. ವಯಸ್ಕರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹೊಟ್ಟೆಯ ಸುತ್ತ ಕೊಬ್ಬು ತುಂಬಿದೆ. ನಮ್ಮವರ ಶರೀರದ ಸ್ವಭಾವ ಹೇಗಿದೆಯೆಂದರೆ, ನೋಡಲು ಅಷ್ಟೇನೂ ದಪ್ಪವಿಲ್ಲದವನಿಗೂ ಹೊಟ್ಟೆಯೊಳಗೆ ಕೊಬ್ಬು ಶೇಖರವಾಗುತ್ತದೆ. ಆದ್ದರಿಂದ ಭಾರತೀಯರಲ್ಲಿ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದ್ದು 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ. ದರ್ಜಿಯ ಅಳತೆ ಪಟ್ಟಿಯೊಂದು ಮನೆಯಲ್ಲಿದ್ದರೆ ಸಾಕು. ಈ ಲೆಕ್ಕವನ್ನು ಇಂದೇ ತೆಗೆದುಕೊಳ್ಳಬಹುದು.

ಡಬ್ಬಿಯೊಳಗಿನ ಆಸೆ

ರೋಗ ಬಂದಾಗ ಚಿಕಿತ್ಸೆ ಪಡೆಯಬೇಕೆಂದು ಇಸ್ಲಾಮ್ ಆಜ್ಞಾಪಿಸುತ್ತದೆ. ವೃದ್ಧಾಪ್ಯದ ಹೊರತು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನಿಟ್ಟಿದ್ದಾನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ (ಅಬೂದಾವೂದ್). ಆದ್ದರಿಂದ ಗುಳಿಗೆ ನುಂಗುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಆದರೆ ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಕಲಿತ ನಾವು, ಕಟ್ಟುವ ಕೆಲಸವನ್ನೇ ಬಿಟ್ಟು ಹಗ್ಗವನ್ನು ಮಾತ್ರ ಕೊಂಡು ತಂದರೆ ಒಂಟೆ ನಿಲ್ಲುವುದೇ?

ಈ ವಿಷಯದಲ್ಲಿ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ನೋಡೋಣ. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಸಂಶೋಧಕರು 2007ರಲ್ಲಿ ಒಂದು ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಅತಿತೂಕದ ಜೊತೆಗೆ ರಕ್ತದೊತ್ತಡವೋ ಕೊಲೆಸ್ಟರಾಲೋ ರಕ್ತದ ಕೊಬ್ಬೋ ಹೆಚ್ಚಿದ್ದ ವಯಸ್ಕರನ್ನು ಅವರು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ದಿನಕ್ಕೆ 6 ಗ್ರಾಂ ಮೀನೆಣ್ಣೆ. ಎರಡನೆಯದಕ್ಕೆ ಮೀನೆಣ್ಣೆಯ ಜೊತೆಗೆ ನಡಿಗೆ. ಮೂರನೆಯದಕ್ಕೆ ಅಷ್ಟೇ ಸೂರ್ಯಕಾಂತಿ ಎಣ್ಣೆ. ನಾಲ್ಕನೆಯದಕ್ಕೆ ಸೂರ್ಯಕಾಂತಿ ಎಣ್ಣೆಯ ಜೊತೆಗೆ ನಡಿಗೆ. ನಡಿಗೆಯೆಂದರೆ ಪೇಟೆಯಲ್ಲಿ ಅಂಗಡಿ ನೋಡುತ್ತಾ ಹೋಗುವ ನಡಿಗೆಯಲ್ಲ. ವಾರಕ್ಕೆ ಮೂರು ದಿನ, ಪ್ರತಿ ಸಲವೂ 45 ನಿಮಿಷ, ವಯಸ್ಸಿಗೆ ತಕ್ಕ ಗರಿಷ್ಠ ಹೃದಯ ಬಡಿತದ ಮುಕ್ಕಾಲು ಭಾಗದಷ್ಟು ಬಡಿತ ಏರುವಂಥ ನಡಿಗೆ. ಐವತ್ತು ವರ್ಷದವನಿಗೆ ಇದು ನಿಮಿಷಕ್ಕೆ ಸುಮಾರು 128 ಬಡಿತ. ಹನ್ನೆರಡು ವಾರಗಳ ಕಾಲ ಇದು ನಡೆಯಿತು.

ಫಲಿತಾಂಶ ಗಮನಾರ್ಹವಾಗಿತ್ತು. ಮೀನೆಣ್ಣೆ ಸೇವಿಸಿದವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇಳಿಯಿತು, ಒಳ್ಳೆಯ ಕೊಲೆಸ್ಟರಾಲ್ ಏರಿತು, ರಕ್ತನಾಳಗಳು ಹಿಗ್ಗುವ ಶಕ್ತಿ ಸುಧಾರಿಸಿತು. ನಡೆದವರ ರಕ್ತನಾಳಗಳ ಬಿಗಿತ ಕಡಿಮೆಯಾಯಿತು. ಎರಡೂ ತಮ್ಮ ತಮ್ಮ ರೀತಿಯಲ್ಲಿ ಶರೀರದ ಕೊಬ್ಬನ್ನು ತಗ್ಗಿಸಿದವು. ಎರಡನ್ನೂ ಸೇರಿಸಿಕೊಂಡವರಿಗೆ ಎರಡರ ಲಾಭವೂ ದೊರಕಿತು. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡಲಿಲ್ಲ ಎಂಬುದು ಇಲ್ಲಿಯ ಪಾಠ. ಅಂದರೆ ಗುಳಿಗೆಯು ನಡಿಗೆಯ ಜೊತೆಗಾರನಾಗಬಹುದೇ ಹೊರತು ನಡಿಗೆಯ ಬದಲಿಯಾಗಲಾರದು.

ಆದರೆ ಈ ಸುದ್ದಿಯ ಅರ್ಧವನ್ನು ಮಾತ್ರ ಕೇಳಿ ಅಂಗಡಿಗೆ ಓಡುವುದು ಬೇಡ. ಅದೊಂದು ಸಣ್ಣ ಪ್ರಯೋಗ, ಕೇವಲ ಮೂರು ತಿಂಗಳದ್ದು. ಅಲ್ಲಿ ಕೊಟ್ಟದ್ದು ದಿನಕ್ಕೆ 6 ಗ್ರಾಂ, ಅಂದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಗ್ರಾಮಿನ ಗುಳಿಗೆ ಆರು. ಮುಂದೆ ಅಮೆರಿಕದಲ್ಲಿ ಸುಮಾರು 26 ಸಾವಿರ ಮಂದಿಯ ಮೇಲೆ ಐದು ವರ್ಷಗಳಷ್ಟು ಕಾಲ ನಡೆದು 2018ರಲ್ಲಿ ಫಲಿತಾಂಶ ಹೊರಬಂದ ಬಹುದೊಡ್ಡ ಪ್ರಯೋಗದಲ್ಲಿ, ದಿನಕ್ಕೊಂದು ಗ್ರಾಂ ಮೀನೆಣ್ಣೆ ಗುಳಿಗೆಯು ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಮರಣಗಳ ಒಟ್ಟು ಲೆಕ್ಕವನ್ನು ಹೇಳಿಕೊಳ್ಳುವಷ್ಟು ತಗ್ಗಿಸಲಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದ ಕೆಲವರಲ್ಲಿ ಹೃದಯ ಬಡಿತದ ಲಯ ತಪ್ಪುವ ಅಪಾಯ ಹೆಚ್ಚುವುದೂ ಬೇರೆ ಪ್ರಯೋಗಗಳಲ್ಲಿ ಕಂಡುಬಂದಿದೆ. ರಕ್ತ ತೆಳುವಾಗಿಸುವ ಮದ್ದು ಸೇವಿಸುವವರಂತೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಇನ್ನೊಂದು ಉದಾಹರಣೆ ನಮಗೆ ಬಹಳ ಹತ್ತಿರದ್ದು. ಚೆನ್ನೈಯಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ಮೂರು ವರ್ಷ ನಡೆದ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಆಹಾರ ಮತ್ತು ನಡಿಗೆಯ ಶಿಸ್ತನ್ನು ಪಾಲಿಸಿದವರಲ್ಲಿ ಈ ಸಂಖ್ಯೆ 39ಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಎಂಬ ಮದ್ದು ಸೇವಿಸಿದವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಶಿಸ್ತು ಮತ್ತು ಮದ್ದು ಎರಡನ್ನೂ ಸೇರಿಸಿಕೊಂಡವರಲ್ಲಿಯೂ ಅದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಇದು ಪೂರಕ ಆಹಾರವಲ್ಲ, ವೈದ್ಯರು ಬರೆದುಕೊಡುವ ನಿಜವಾದ ಮದ್ದು. ಅಂಥ ಮದ್ದಿನ ಸರಿಸಮಾನವಾಗಿ ಖರ್ಚಿಲ್ಲದ ನಡಿಗೆ ಮತ್ತು ಹಿತಮಿತವಾದ ಊಟ ನಿಂತವೆಂದರೆ ಅಲ್ಲಾಹನು ನಮ್ಮ ಕಾಲುಗಳಲ್ಲಿಯೇ ಎಂತಹ ಔಷಧಿಯನ್ನಿಟ್ಟಿದ್ದಾನೆಂದು ಯೋಚಿಸಿರಿ! ಅವರ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಈ ಪ್ರಯೋಜನ ದೊರೆತದ್ದು ಇನ್ನೂ ಮುಖ್ಯ. ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ನಿರಾಶರಾಗಿ ನಡಿಗೆ ಬಿಡುವವರು ಇದನ್ನು ಗಮನಿಸಬೇಕು. ಆದರೆ ವೈದ್ಯರು ಕೊಟ್ಟ ಮದ್ದನ್ನು ಇದರ ಹೆಸರಿನಲ್ಲಿ ಯಾರೂ ನಿಲ್ಲಿಸಬಾರದು.

ನಮ್ಮ ಮಲೆನಾಡಿನ ಕಾಯಿ, ಅವರ ಗುಳಿಗೆ

ಕರಾವಳಿ ಮತ್ತು ಮಲೆನಾಡಿನ ಓದುಗರಿಗೆ ಉಪ್ಪಾಗೆ ಕಾಯಿಯ ಪರಿಚಯವಿದೆ. ಕೊಡಗಿನ ಅಡುಗೆಗೆ ಹುಳಿ ಕೊಡುವ ಕಾಚಂಪುಳಿ ಇದರಿಂದಲೇ ತಯಾರಾಗುವುದು. ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿಯೂ ಇದೇ. ಇದರ ಸಿಪ್ಪೆಯಿಂದ ತೆಗೆದ ಆಮ್ಲವು ಬೊಜ್ಜನ್ನು ಕರಗಿಸುತ್ತದೆಂಬ ಪ್ರಚಾರ 1990ರ ದಶಕದಲ್ಲಿ ಹಬ್ಬಿತು. ಗಾರ್ಸಿನಿಯಾ ಎಂಬ ಹೆಸರಿನಲ್ಲಿ ಗುಳಿಗೆಗಳು ಮಾರುಕಟ್ಟೆಗೆ ಬಂದವು. 1998ರಲ್ಲಿ ಅಮೆರಿಕದ ವಿಜ್ಞಾನಿಗಳು ಅತಿತೂಕದ 135 ಮಂದಿಯ ಮೇಲೆ ಹನ್ನೆರಡು ವಾರಗಳ ಕಾಲ ಇದನ್ನು ಪರೀಕ್ಷಿಸಿದಾಗ, ಈ ಗುಳಿಗೆಗೂ ಏನೂ ಇಲ್ಲದ ತೋರಿಕೆಯ ಗುಳಿಗೆಗೂ ವ್ಯತ್ಯಾಸ ಕಾಣಲಿಲ್ಲ. ಮಾತ್ರವಲ್ಲ, ಇಂಥ ಗುಳಿಗೆ ಸೇವಿಸಿದ ಕೆಲವರ ಯಕೃತ್ತಿಗೆ ಗಂಭೀರ ಹಾನಿಯಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಸಾರಿಗೆ ಹಾಕುವ ಹುಳಿ ಬೇರೆ, ಅದರ ಸತ್ವವನ್ನು ಹಿಂಡಿ ಹಲವು ಪಟ್ಟು ಸಾಂದ್ರಗೊಳಿಸಿದ ಗುಳಿಗೆ ಬೇರೆ. ಹಸಿರು ಚಹಾದ ಮಾತೂ ಇದೇ. ಲೋಟದಲ್ಲಿ ಕುಡಿಯುವ ಚಹಾ ಸಾಮಾನ್ಯವಾಗಿ ನಿರಪಾಯಕಾರಿ, ಆದರೆ ಅದರ ಸಾಂದ್ರ ಸತ್ವದ ಗುಳಿಗೆಗಳಿಂದ ಯಕೃತ್ತು ಕೆಟ್ಟವರಿದ್ದಾರೆ.

ಇನ್ನು ಗಿಡಮೂಲಿಕೆಯೆಂಬ ಹೆಸರಿನಲ್ಲಿ ಮದ್ದನ್ನು ಬಚ್ಚಿಟ್ಟು ಮಾರುವವರೂ ಇದ್ದಾರೆ. ಸಿಬುಟ್ರಮಿನ್ ಎಂಬ ತೂಕ ಇಳಿಸುವ ಔಷಧಿಯು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತದೆಂದು ತಿಳಿದ ಮೇಲೆ 2010ರಲ್ಲಿ ಅಮೆರಿಕ ಮತ್ತು ಯುರೋಪಿನ ಮಾರುಕಟ್ಟೆಗಳಿಂದ ಅದನ್ನು ಹಿಂದೆಗೆದುಕೊಳ್ಳಲಾಯಿತು. ಭಾರತದಲ್ಲಿಯೂ ಅದನ್ನು ನಿಷೇಧಿಸಲಾಗಿದೆ. ಆದರೆ ಅದರ ನಂತರವೂ ಸಹಜ, ನೈಸರ್ಗಿಕ ಎಂದು ಬರೆದ ಅನೇಕ ಡಬ್ಬಿಗಳಲ್ಲಿ ಅದೇ ಔಷಧಿ ಸಿಕ್ಕಿದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಮತ್ತೆ ಮತ್ತೆ ಎಚ್ಚರಿಸಿದೆ. ಒಂದು ವಾರದಲ್ಲಿ ಐದು ಕಿಲೋ ಇಳಿಸುವ ಪುಡಿಯೊಂದು ನಿಮ್ಮ ಕೈಗೆ ಬಂದರೆ ಸಂತೋಷಪಡಬೇಡಿ. ಅದರೊಳಗೆ ಏನಿದೆಯೆಂದು ಹೆದರಿಕೊಳ್ಳಿರಿ. ನಿಮ್ಮ ಕೈಗಳಿಂದಲೇ ನಿಮ್ಮನ್ನು ವಿನಾಶಕ್ಕೆ ತಳ್ಳಿಕೊಳ್ಳಬಾರದೆಂಬ ಅಲ್ಲಾಹನ ಆಜ್ಞೆ (ಅಲ್ ಬಕರ: 195) ಇಂಥ ಸಂದರ್ಭಕ್ಕೂ ಅನ್ವಯಿಸುತ್ತದೆ.

ಮಾರುವ ಸಹೋದರರೊಡನೆ ಒಂದು ಮಾತು

ಈ ಡಬ್ಬಿಗಳು ನಮ್ಮ ಮನೆಗಳಿಗೆ ಬರುವುದು ಹೆಚ್ಚಾಗಿ ಅಂಗಡಿಯಿಂದಲ್ಲ. ಬಂಧುವೋ, ನೆರೆಯವನೋ, ಮಸೀದಿಯಲ್ಲಿ ಪಕ್ಕದಲ್ಲಿ ನಿಲ್ಲುವ ಸಹೋದರನೋ ಇದನ್ನು ತರುತ್ತಾನೆ. ತಾನು ಮಾರಿದರೆ ಇಷ್ಟು ಕಮಿಷನ್, ಇನ್ನೊಬ್ಬನನ್ನು ಸೇರಿಸಿದರೆ ಮತ್ತಿಷ್ಟು ಎಂಬ ಲೆಕ್ಕ ಅವನ ಮುಂದಿರುತ್ತದೆ. ದಾಕ್ಷಿಣ್ಯಕ್ಕೆ ಸಿಲುಕಿ ಮಗಳ ಫೀಸಿನ ಹಣದಿಂದ ಡಬ್ಬಿ ಕೊಂಡವರು ಎಷ್ಟು ಮಂದಿಯಿಲ್ಲ? ಅದಕ್ಕಿಂತಲೂ ಗಂಭೀರವಾದುದೆಂದರೆ, ಇದನ್ನು ಕುಡಿದರೆ ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಬಹುದು ಎಂಬ ಸಲಹೆ. ವೈದ್ಯಜ್ಞಾನವಿಲ್ಲದೆ ಚಿಕಿತ್ಸೆ ನೀಡುವವನು ಅದರ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ತೀರ್ಪಿತ್ತಿದ್ದಾರೆ (ಅಬೂದಾವೂದ್, ನಸಾಈ). ನಿಮ್ಮ ಮಾತನ್ನು ನಂಬಿ ಮದ್ದು ಬಿಟ್ಟ ಒಬ್ಬ ತಾಯಿಯ ಕಾಲು ಕೊಳೆತರೆ, ಒಬ್ಬ ದುಡಿಯುವ ಮಗನ ಮೂತ್ರಪಿಂಡ ಕೆಟ್ಟರೆ, ಆ ಕಮಿಷನ್ ಹಣದಿಂದ ನೀವು ಅಲ್ಲಾಹನ ಮುಂದೆ ಏನನ್ನು ಕೊಂಡುಕೊಳ್ಳುವಿರಿ? ಧಾನ್ಯದ ರಾಶಿಯ ಮೇಲ್ಭಾಗದಲ್ಲಿ ಒಣಗಿದ್ದನ್ನಿಟ್ಟು ಒಳಗೆ ಒದ್ದೆಯಾದುದನ್ನು ಬಚ್ಚಿಟ್ಟಿದ್ದ ವ್ಯಾಪಾರಿಗೆ, ವಂಚಿಸುವವನು ನಮ್ಮವನಲ್ಲ ಎಂಬ ಅರ್ಥದ ಕಠಿಣ ಎಚ್ಚರಿಕೆಯನ್ನು ಪ್ರವಾದಿವರ್ಯರು(ಸ) ಕೊಟ್ಟರು (ಮುಸ್ಲಿಮ್). ಇಂದು ಆ ರಾಶಿ ಡಬ್ಬಿಯ ರೂಪದಲ್ಲಿದೆ, ಅಷ್ಟೇ.

ಧರ್ಮದ ಹೆಸರಿನಲ್ಲಿ ಮಾರುವುದಂತೂ ಇನ್ನೂ ದೊಡ್ಡ ಹೊಣೆ. ಕರಿಜೀರಿಗೆಯಲ್ಲಿ ಶಮನವಿದೆಯೆಂಬ ಹದೀಸ್ ಸಹೀಹ್ ಆಗಿದೆ (ಬುಖಾರಿ). ಜೇನಿನಲ್ಲಿ ಶಮನವಿದೆಯೆಂದು ಕುರ್‌ಆನ್ ಸಾರಿದೆ (ಅನ್ನಹ್ಲ್: 69). ನಾವು ಇದನ್ನು ಮನಸಾರೆ ನಂಬುತ್ತೇವೆ. ಕರಿಜೀರಿಗೆಯು ತೂಕವನ್ನು ಅಲ್ಪ ಪ್ರಮಾಣದಲ್ಲಿ ತಗ್ಗಿಸಬಲ್ಲುದೆಂದು ಕೆಲವು ಸಣ್ಣ ಪರೀಕ್ಷೆಗಳಲ್ಲಿ ಕಂಡುಬಂದಿರುವುದೂ ನಿಜ. ಆದರೆ ಕರಿಜೀರಿಗೆಯ ಗುಣವನ್ನು ತಿಳಿಸಿದ ಅದೇ ಪ್ರವಾದಿ(ಸ) ಹೊಟ್ಟೆಯ ಮೂರನೇ ಒಂದು ಪಾಲಿನ ಮಾತನ್ನೂ ಹೇಳಿದ್ದಾರೆ. ಹೊಟ್ಟೆ ಬಿರಿಯುವಷ್ಟು ತಿಂದು, ಹಗಲೆಲ್ಲ ಕುಳಿತಿದ್ದು, ರಾತ್ರಿ ಒಂದು ಚಮಚ ಕರಿಜೀರಿಗೆ ಎಣ್ಣೆ ಕುಡಿದು ಸುನ್ನತ್ತನ್ನು ಪಾಲಿಸಿದೆನೆಂದು ತೃಪ್ತಿಪಡುವುದು ಸುನ್ನತ್ತಿನ ಒಂದು ಎಳೆಯನ್ನು ಹಿಡಿದು ಇಡೀ ಬಟ್ಟೆಯನ್ನು ಬಿಟ್ಟಂತೆ. ಜೇನೂ ಸಕ್ಕರೆಯೇ ಎಂಬುದನ್ನು ಮಧುಮೇಹಿಗಳು ಮರೆಯಬಾರದು.

ಕೊಳ್ಳುವಾಗ ನೋಡಬೇಕಾದುದು

ವೈದ್ಯರ ಸಲಹೆಯಂತೆ ಪೂರಕ ಆಹಾರ ಕೊಳ್ಳಲೇಬೇಕಾದವರು ಇದ್ದಾರೆ. ವಿಟಮಿನ್ ಡಿ, ಬಿ-12, ಕಬ್ಬಿಣಾಂಶಗಳ ಕೊರತೆ ನಮ್ಮಲ್ಲಿ ವ್ಯಾಪಕ. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡರೆ ಅದನ್ನು ತುಂಬುವುದು ಚಿಕಿತ್ಸೆಯೇ. ಆದರೆ ವಿಟಮಿನ್ ಗುಳಿಗೆಯಿಂದ ತೂಕ ಇಳಿಯುತ್ತದೆಂದು ಭಾವಿಸಬೇಡಿ. ತೂಕ ಇಳಿಸುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಲು ಸಾಕಷ್ಟು ಪ್ರೋಟೀನು ಮತ್ತು ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಎರಡೂ ಬೇಕು. ಅದಕ್ಕೆ ದುಬಾರಿ ಪುಡಿಯೇ ಆಗಬೇಕೆಂದಿಲ್ಲ. ಮೊಟ್ಟೆ, ಬೇಳೆ, ಕಡಲೆ, ಮೊಸರು, ಮೀನು ಸಾಕು. ಮೂತ್ರಪಿಂಡದ ತೊಂದರೆಯಿರುವವರು ಪ್ರೋಟೀನಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಪೂರಕ ಆಹಾರದ ಡಬ್ಬಿಯ ಮೇಲೆ ಇದು ಔಷಧಿಯಾಗಿ ಬಳಸಲು ಅಲ್ಲವೆಂದು ಅಚ್ಚು ಹಾಕಿರಬೇಕು. ಡಬ್ಬಿಯೇ ತಾನು ಮದ್ದಲ್ಲವೆಂದು ಸಾಕ್ಷಿ ಹೇಳುತ್ತಿರುವಾಗ ಮಾರುವವನ ಮಾತನ್ನು ನಂಬುವುದೇಕೆ? ಗುಳಿಗೆಯ ಮೆತ್ತನೆಯ ಹೊರಕವಚವನ್ನು ಸಾಮಾನ್ಯವಾಗಿ ಜೆಲಟಿನ್‌ನಿಂದ ಮಾಡುತ್ತಾರೆ. ಅದು ಪ್ರಾಣಿಗಳ ಚರ್ಮ ಮತ್ತು ಎಲುಬಿನಿಂದ ತಯಾರಾಗುವ ವಸ್ತು. ಅದರಲ್ಲಿ ಹಂದಿಯದ್ದೂ ಇರಬಹುದು, ಇಸ್ಲಾಮೀ ವಿಧಿಯಂತೆ ಕೊಯ್ಯದ ಜಾನುವಾರುಗಳದ್ದೂ ಇರಬಹುದು. ವಸ್ತುವಿನ ಸ್ವರೂಪವೇ ಬದಲಾದ ಮೇಲೆ ಅದರ ವಿಧಿಯೂ ಬದಲಾಗುತ್ತದೆಂದು ಕೆಲವು ವಿದ್ವಾಂಸರು ಹೇಳಿದರೆ, ಅನೇಕರು ಅದನ್ನು ಒಪ್ಪುವುದಿಲ್ಲ. ಸಂಶಯವಿರುವುದನ್ನು ಬಿಟ್ಟು ಸಂಶಯವಿಲ್ಲದ್ದನ್ನು ಆರಿಸಿಕೊಳ್ಳಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ (ತಿರ್ಮಿದಿ). ಸಸ್ಯಮೂಲದ ಅಥವಾ ಮೀನಿನ ಜೆಲಟಿನ್‌ನ ಕವಚವಿರುವ ಗುಳಿಗೆಗಳು ಈಗ ದೊರೆಯುವುದರಿಂದ ಕೇಳಿ ಕೊಳ್ಳುವುದೇನೂ ಕಷ್ಟವಲ್ಲ.

ಅಲ್ಲಾಹನು ಸಮುದ್ರವನ್ನು ನಮಗೆ ಅಧೀನಗೊಳಿಸಿ ಅದರಿಂದ ತಾಜಾ ಮಾಂಸವನ್ನು ತಿನ್ನಿಸುತ್ತಿರುವುದನ್ನು ತನ್ನ ಅನುಗ್ರಹವಾಗಿ ಎಣಿಸಿ ಹೇಳಿದ್ದಾನೆ (ಅನ್ನಹ್ಲ್: 14). ದೂರ ದೇಶದ ವಿಜ್ಞಾನಿಗಳು ಗುಳಿಗೆಯಲ್ಲಿ ತುಂಬಿಕೊಟ್ಟ ಅದೇ ಒಮೆಗಾ-3 ಕೊಬ್ಬು ನಮ್ಮ ಕರಾವಳಿಯ ಬೂತಾಯಿ ಮತ್ತು ಬಂಗುಡೆಗಳಲ್ಲಿ ಹೇರಳವಾಗಿದೆ. ಬಡವನ ಮೀನೆಂದು ಕೆಲವರು ಕಡೆಗಣಿಸುವ ಬೂತಾಯಿಯನ್ನು ವಾರಕ್ಕೆ ಎರಡು ಸಲ ಸಾರು ಮಾಡಿ ತಿಂದರೆ ಹೃದಯಕ್ಕೂ ಒಳ್ಳೆಯದು, ಕಿಸೆಗೂ ಒಳ್ಳೆಯದು. ಆದರೆ ಅದನ್ನೇ ಎಣ್ಣೆಯಲ್ಲಿ ಮುಳುಗಿಸಿ ಹುರಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಎದ್ದು ನಡೆಯಿರಿ

ಬಲಹೀನ ವಿಶ್ವಾಸಿಗಿಂತ ಬಲಶಾಲಿ ವಿಶ್ವಾಸಿಯು ಅಲ್ಲಾಹನಿಗೆ ಹೆಚ್ಚು ಪ್ರಿಯನು, ಇಬ್ಬರಲ್ಲಿಯೂ ಒಳಿತಿದೆ, ನಿನಗೆ ಪ್ರಯೋಜನವಾಗುವುದಕ್ಕೆ ಹಂಬಲಿಸು, ಅಲ್ಲಾಹನ ನೆರವು ಬೇಡು, ಕೈಚೆಲ್ಲಿ ಕೂರಬೇಡ ಎಂಬ ಉಪದೇಶ ನಮಗಿದೆ (ಮುಸ್ಲಿಮ್). ಪ್ರವಾದಿವರ್ಯರು(ಸ) ನಡೆಯುವಾಗ ಇಳಿಜಾರಿನಲ್ಲಿ ಇಳಿಯುವವರಂತೆ ಚುರುಕಾಗಿ ಹೆಜ್ಜೆಯಿಡುತ್ತಿದ್ದರೆಂದು ಹ. ಅಲಿ(ರ) ವರ್ಣಿಸಿದ್ದಾರೆ (ತಿರ್ಮಿದಿ). ನಮ್ಮ ನಡಿಗೆಯಲ್ಲಿ ಆ ಸುನ್ನತ್ ಎಲ್ಲಿದೆ? ಇನ್ನೂರು ಗಜ ದೂರದ ಮಸೀದಿಗೆ ಸ್ಕೂಟರ್ ಬೇಕು, ಮೂಲೆಯ ಅಂಗಡಿಗೆ ಕಾರು ಬೇಕು. ಬನೂ ಸಲಿಮಾ ಗೋತ್ರದವರು ತಮ್ಮ ದೂರದ ಮನೆಗಳನ್ನು ಬಿಟ್ಟು ಮಸೀದಿಯ ಸಮೀಪಕ್ಕೆ ಬರಲು ಬಯಸಿದಾಗ, ಇದ್ದಲ್ಲಿಯೇ ಇರುವಂತೆಯೂ ಅವರ ಹೆಜ್ಜೆಗಳು ದಾಖಲಾಗುತ್ತಿರುವುದಾಗಿಯೂ ಪ್ರವಾದಿವರ್ಯರು(ಸ) ತಿಳಿಸಿದರು (ಮುಸ್ಲಿಮ್). ಮನೆಯಿಂದ ಮಸೀದಿಗೆ ಹತ್ತು ನಿಮಿಷದ ದಾರಿಯಿದ್ದು ದಿನಕ್ಕೆ ಎರಡು ಸಲ ನಡೆದು ಹೋಗಿ ಬಂದರೆ 40 ನಿಮಿಷಗಳಾಗುತ್ತವೆ. ಪರಲೋಕದ ಲೆಕ್ಕಕ್ಕೂ ಸಂದಿತು, ಇಹಲೋಕದ ಆರೋಗ್ಯಕ್ಕೂ ಸಂದಿತು. ನಮಾಝಿನಲ್ಲಿಯೇ ವ್ಯಾಯಾಮವಿದೆಯಲ್ಲ ಎಂದು ವಾದಿಸುವವರಿದ್ದಾರೆ. ನಮಾಝ್ ಆರಾಧನೆ. ಅದರ ಚಲನೆಗಳಿಂದ ಕೀಲುಗಳಿಗೆ ಲಾಭವಾಗಬಹುದು, ಆದರೆ ಅದನ್ನು ವ್ಯಾಯಾಮದ ಬದಲಿಗೆ ನಿಲ್ಲಿಸುವುದು ನಮಾಝಿಗೂ ನ್ಯಾಯವಲ್ಲ, ಶರೀರಕ್ಕೂ ನ್ಯಾಯವಲ್ಲ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕು, ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಕೆಲಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದರೆ ಲೆಕ್ಕ ಸರಿಹೋಗುತ್ತದೆ. ಮಾತಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು, ಅದೇ ಸರಿಯಾದ ವೇಗ. ಮೊದಲ ವಾರ ಹತ್ತು ನಿಮಿಷ ಸಾಕು. ಕ್ರಮೇಣ ಹೆಚ್ಚಿಸಿರಿ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಅತಿ ಪ್ರಿಯವೆಂಬ ಹದೀಸ್ (ಬುಖಾರಿ, ಮುಸ್ಲಿಮ್) ಇಲ್ಲಿಯೂ ದಾರಿ ತೋರಿಸುತ್ತದೆ. ನಡೆಯುವಾಗ ಎದೆ ನೋವು, ವಿಪರೀತ ಏದುಸಿರು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ಸೇವಿಸುವವರು, ವಿಶೇಷವಾಗಿ ಉಪವಾಸದ ದಿನಗಳಲ್ಲಿ, ವೈದ್ಯರ ಸಲಹೆಯಿಲ್ಲದೆ ಕಠಿಣ ವ್ಯಾಯಾಮಕ್ಕಿಳಿಯಬಾರದು.

ಸಹೋದರಿಯರ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಮನೆಯೊಳಗೆ ಬೆಳಗಿನಿಂದ ರಾತ್ರಿಯ ತನಕ ದುಡಿಯುವ ಅವರಿಗೆ ಹೊರಗೆ ನಡೆಯಲು ಸಮಯವೂ ಇಲ್ಲ, ಸಮ್ಮತಿಯೂ ಇಲ್ಲ. ಹೆಂಗಸರು ನಡೆಯಲು ಹೊರಟರೆ ಜನರೇನೆಂದಾರು ಎಂಬ ಅಂಜಿಕೆ. ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಜೊತೆಗಿದ್ದವರನ್ನು ಮುಂದೆ ಕಳುಹಿಸಿ ಹ. ಆಯಿಶಾರೊಂದಿಗೆ(ರ) ಓಟದ ಪಂದ್ಯ ನಡೆಸಿದರು. ಆಗ ತೆಳ್ಳಗಿದ್ದ ಹ. ಆಯಿಶಾ(ರ) ಗೆದ್ದರು. ಕಾಲಾನಂತರ ಅವರ ಮೈ ತುಂಬಿಕೊಂಡಿದ್ದಾಗ ಮತ್ತೊಮ್ಮೆ ಓಡಿದರು. ಈ ಸಲ ಪ್ರವಾದಿವರ್ಯರು(ಸ) ಗೆದ್ದು, ಇದು ಅಂದಿನದಕ್ಕೆ ಬದಲಾಯಿತೆಂದು ನಗುನಗುತ್ತಾ ಹೇಳಿದರು (ಅಬೂದಾವೂದ್, ಅಹ್ಮದ್). ಮೈ ತುಂಬಿತೆಂದು ಪತ್ನಿಯನ್ನು ಅವರು ಹೀಯಾಳಿಸಲಿಲ್ಲ, ಜೊತೆಗೆ ಓಡಿದರು. ಪತ್ನಿಯ ತೂಕದ ಬಗ್ಗೆ ಗೆಳೆಯರ ಮುಂದೆ ತಮಾಷೆ ಮಾಡುವ ಗಂಡಂದಿರು ಇದರಿಂದ ಪಾಠ ಕಲಿಯಲಿ. ಫಜ್ರ್ ನಮಾಝಿನ ನಂತರ ಅರ್ಧ ಗಂಟೆ ಪತ್ನಿಯೊಂದಿಗೆ ನಡೆಯಿರಿ. ಆ ಹೊತ್ತಿನಲ್ಲಿ ಅಡುಗೆ ಮನೆಯ ಕೆಲಸವನ್ನು ಮಕ್ಕಳೊಂದಿಗೆ ಹಂಚಿಕೊಳ್ಳಿರಿ. ಹೊರಗೆ ಅನುಕೂಲವಿಲ್ಲದವರಿಗೆ ಮನೆಯ ತಾರಸಿಯೂ ಅಂಗಳವೂ ಇದೆ. ಮೆಟ್ಟಿಲು ಹತ್ತಿ ಇಳಿಯುವುದು, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು ಇವೆಲ್ಲ ವ್ಯಾಯಾಮವೇ.

ಇದರೊಂದಿಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ತೂಕಕ್ಕೆ ಯಾವಾಗಲೂ ಅತಿಯಾದ ಊಟವೇ ಕಾರಣವಲ್ಲ. ಥೈರಾಯಿಡ್ ತೊಂದರೆ, ಕೆಲವು ಮದ್ದುಗಳು, ಹೆರಿಗೆ, ವಂಶದ ಗುಣ ಹೀಗೆ ಕಾರಣಗಳು ಅನೇಕ. ಒಬ್ಬರನ್ನೊಬ್ಬರು ಪರಿಹಾಸ್ಯ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಅಲ್ಲಾಹನು ನಿಷೇಧಿಸಿದ್ದಾನೆ (ಅಲ್ ಹುಜುರಾತ್: 11). ಹ. ಇಬ್ನು ಮಸ್ಊದರ(ರ) ಸಪೂರ ಕಾಲುಗಳನ್ನು ಕಂಡು ಸಂಗಡಿಗರು ನಕ್ಕಾಗ, ಆ ಕಾಲುಗಳು ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವೆಂದು ಪ್ರವಾದಿವರ್ಯರು(ಸ) ತಿದ್ದಿದರು (ಅಹ್ಮದ್). ಅಲ್ಲಾಹನ ತಕ್ಕಡಿಯು ನಮ್ಮ ಸ್ನಾನಗೃಹದ ತೂಕದ ಯಂತ್ರವಲ್ಲ. ಅವನು ನಮ್ಮ ರೂಪವನ್ನಲ್ಲ, ಹೃದಯ ಮತ್ತು ಕರ್ಮಗಳನ್ನು ನೋಡುತ್ತಾನೆ. ನಾವು ಶರೀರವನ್ನು ಕಾಪಾಡುವುದು ಕನ್ನಡಿಯ ಮುಂದೆ ಮೆರೆಯುವುದಕ್ಕಲ್ಲ. ರುಕೂ ಸುಜೂದ್‌ಗಳನ್ನು ಕುರ್ಚಿಯ ಹಂಗಿಲ್ಲದೆ ನಿರ್ವಹಿಸುವುದಕ್ಕೆ, ಹಜ್ಜಿನಲ್ಲಿ ತವಾಫ್ ಸಅ್‌ಯ್‌ಗಳನ್ನು ಸ್ವಂತ ಕಾಲಿನಲ್ಲಿ ಪೂರೈಸುವುದಕ್ಕೆ, ಮಕ್ಕಳು ಅನಾಥರಾಗದಂತೆ ದುಡಿಯುವುದಕ್ಕೆ, ವೃದ್ಧ ತಂದೆ ತಾಯಿಯನ್ನು ಎತ್ತಿ ಕೂರಿಸುವುದಕ್ಕೆ ನಮಗೆ ಈ ಶರೀರ ಬೇಕು. ಈ ನಿಯ್ಯತ್ ಇದ್ದರೆ ಬೆವರಿನ ಪ್ರತಿ ಹನಿಯೂ ಪುಣ್ಯದ ಲೆಕ್ಕಕ್ಕೆ ಸೇರುವುದೆಂದು ನಾವು ನಿರೀಕ್ಷಿಸಬಹುದು.

ಪ್ರಿಯ ಓದುಗರೇ, ಹೆಚ್ಚಿನ ಜನರು ನಷ್ಟ ಹೊಂದುವ ಎರಡು ಅನುಗ್ರಹಗಳೆಂದರೆ ಆರೋಗ್ಯ ಮತ್ತು ಬಿಡುವಿನ ವೇಳೆ ಎಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ (ಬುಖಾರಿ). ಬಿಡುವನ್ನು ಮೊಬೈಲಿಗೆ ಕೊಟ್ಟು, ಆರೋಗ್ಯವನ್ನು ಊಟದ ಸುಪ್ರಕ್ಕೆ ಕೊಟ್ಟು, ಕೊನೆಗೆ ಎರಡನ್ನೂ ಡಬ್ಬಿಯಿಂದ ಮರಳಿ ಪಡೆಯುತ್ತೇವೆಂಬ ಭ್ರಮೆಯಿಂದ ಹೊರಬರೋಣ. ಇಂದು ಸೊಂಟದ ಅಳತೆ ತೆಗೆದುಕೊಳ್ಳಿರಿ. ರಾತ್ರಿಯ ಊಟದಲ್ಲಿ ಒಂದು ಸೌಟು ಕಡಿಮೆ ಮಾಡಿರಿ. ನಾಳೆ ಫಜ್ರ್‌ಗೆ ನಡೆದೇ ಹೋಗಿರಿ. ಗುಳಿಗೆ ಬೇಕೋ ಬೇಡವೋ ಎಂಬುದನ್ನು ಮಾರುವವರಲ್ಲಿ ಕೇಳದೆ ವೈದ್ಯರಲ್ಲಿ ಕೇಳಿರಿ.

ನಮಗೆ ಒಪ್ಪಿಸಲಾದ ಈ ಅಮಾನತ್ತನ್ನು ಕಾಪಾಡಿ, ಅದರ ಶಕ್ತಿಯನ್ನು ತನ್ನ ಮಾರ್ಗದಲ್ಲಿ ವ್ಯಯಿಸುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ರೋಗಪೀಡಿತರಾದ ನಮ್ಮ ಸಹೋದರ ಸಹೋದರಿಯರಿಗೆ ಸಂಪೂರ್ಣ ಶಮನವನ್ನು ದಯಪಾಲಿಸಲಿ. ಆಮೀನ್.